ಅರ್ಧ ದಾರಿಯ ದನಿ

ಪರದೆಯ ಮೇಲೆ ಏನೂ ಏಳಲಿಲ್ಲ. ಎಡದಿಂದ ಬಲಕ್ಕೆ ಒಂದು ಸಪಾಟಾದ ಹಸಿರು ಗೆರೆ, ಅಷ್ಟೇ.

“ಇದು ಆ ಮುಖ್ಯ ಎಂಜಿನಿಯರನ ಲೆಕ್ಕ,” ಎಂದರು ಮೇಷ್ಟ್ರು. “ಒಂದಕ್ಷರ ಮುಟ್ಟಿಲ್ಲ. ಈಗ ಒಂದೇ ಒಂದು ವಸ್ತು ಬದಲಾಯಿಸ್ತೀನಿ. ನೋಡ್ತಾ ಇರಿ.”

ತನಿಖಾಧಿಕಾರಿ ಸ್ಟೂಲನ್ನು ಮುಂದಕ್ಕೆಳೆದುಕೊಂಡಳು. ಮೇಷ್ಟ್ರ ಕಂಪ್ಯೂಟರ್ ಕೂತಿದ್ದದ್ದು ತೀರಿಹೋದ ಹೆಂಡತಿಯ ಹೊಲಿಗೆ ಯಂತ್ರದ ಮೇಜಿನ ಮೇಲೆ. ಅವರು ಕಾಲು ಆಡಿಸಿದಾಗಲೆಲ್ಲ ಕೆಳಗೆ ಪೆಡಲು ಕಿರ್ರೆನ್ನುತ್ತಿತ್ತು. ಹಿಂದೆ, ಗೋಡೆಗೆ ಒರಗಿ, ಕೈಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದವಳು ಬಂದರಿನ ವೈರ್‌ಲೆಸ್ ಕೇಂದ್ರದ ಆಪರೇಟರ್. ಏಳು ತಿಂಗಳ ಹಿಂದೆ ಒಂಬತ್ತು ಜನ ಪ್ರಯಾಣಿಕರ ಸಮೇತ ಮುಳುಗಿದ ಲಾಂಚಿನ ಕ್ಯಾಪ್ಟನ್ ಅವಳ ಒಡಹುಟ್ಟಿದ ಅಣ್ಣ. ಅದು ಮುಳುಗಿ ಮುಕ್ಕಾಲು ಗಂಟೆ ಕಳೆದ ಮೇಲೆ ಅವನ ದನಿ ಬಂದದ್ದೂ ಅವಳ ಕಿವಿಗೇ.

ಮೇಷ್ಟ್ರು ಪಟ್ಟಿಯೊಂದನ್ನು ತೆರೆದು ‘ಆದರ್ಶ ಮಿಕ್ಸರ್’ ಎಂದಿದ್ದ ಕಡೆ ಬೇರೆಯದನ್ನು ಆರಿಸಿದರು. ಗುಂಡಿ ಒತ್ತಿದರು.

ಸಪಾಟು ಗೆರೆಯ ನಟ್ಟನಡುವೆ ಒಂದು ಮುಳ್ಳು ಎದ್ದು ನಿಂತಿತು.

ಆಪರೇಟರ್ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

“ಅದು ನಮ್ಮಣ್ಣನಾ, ಸರ್?”

“ನಿಮ್ಮಣ್ಣನ ದನಿ ಒಳಗೆ ನುಸುಳಿದ ಸಂದು, ತಾಯಿ,” ಎಂದರು ಮೇಷ್ಟ್ರು.

ಆ ದನಿ ಟೇಪಿನಲ್ಲಿ ಹತ್ತೊಂಬತ್ತು ಸೆಕೆಂಡು ಇತ್ತು. ಲಾಂಚಿನಿಂದ ಮಾತಾಡ್ತಿದೀನಿ, ಇಂಜಿನ್ ನಿಂತುಹೋಗಿದೆ, ಉತ್ತರದ ಬಂಡೆ ಹತ್ತಿರ ಇದ್ದೀವಿ, ದೋಣಿ ಕಳಿಸಿ. ಆಮೇಲೆ ಒಂದು ಉಸಿರಿನಷ್ಟು ಮೌನ. ಕೊನೆಗೆ, ಪುಟ್ಟೀ, ಕೇಳಿಸ್ತಾ ಇದ್ಯಾ. ಅಲ್ಲಿಗೆ ಮುಗಿಯಿತು. ಆಗ ಗಂಟೆ ನಾಲ್ಕೂ ಹತ್ತು. ಇದ್ದಬದ್ದ ರಕ್ಷಣಾ ದೋಣಿಗಳೆಲ್ಲ ಉತ್ತರಕ್ಕೆ ಓಡಿದವು. ಲಾಂಚು ಮಲಗಿದ್ದದ್ದು ದಕ್ಷಿಣದ ಮರಳ ದಿಬ್ಬದ ಹಿಂದೆ. ಸತ್ತವರ ಕೈಯಲ್ಲಿ ಸಿಕ್ಕಿದ ಮೂರು ಗಡಿಯಾರಗಳೂ ಮೂರೂ ಇಪ್ಪತ್ತೈದರ ಆಸುಪಾಸು ನಿಂತಿದ್ದವು. ಒಂಬತ್ತು ಹೆಣ ಸಿಕ್ಕಿದವು. ಕ್ಯಾಪ್ಟನ್ ಸಿಗಲಿಲ್ಲ.

ಅಂದಿನಿಂದ ಬಂದರಿನವರು ಗುಡ್ಡದ ವೈರ್‌ಲೆಸ್ ಕೇಂದ್ರದ ರಸ್ತೆಯಲ್ಲಿ ಒಬ್ಬೊಬ್ಬರೇ ಓಡಾಡುವುದನ್ನು ಬಿಟ್ಟಿದ್ದರು. ಉಳಿದ ಆಪರೇಟರುಗಳು ಅವಳ ಕುರ್ಚಿಯನ್ನು ಮೂಲೆಗೆ ತಳ್ಳಿ ಪ್ಲಾಸ್ಟಿಕ್ ಕುರ್ಚಿ ತಂದುಹಾಕಿಕೊಂಡಿದ್ದರು. ನಾಲ್ಕು ಗಂಟೆ ಆಯಿತೆಂದರೆ ಯಾರಾದರೊಬ್ಬರು ಸ್ಪೀಕರಿನ ದನಿ ತಗ್ಗಿಸುತ್ತಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ತನಿಖಾಧಿಕಾರಿ ದೆವ್ವಗಿವ್ವ ನಂಬುವವಳಲ್ಲ. ಆದರೂ ಟೇಪನ್ನು ಐವತ್ತೋ ಅರವತ್ತೋ ಸಲ ಕೇಳಿದ ಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟರೆ ಆ ಸದ್ದಿನೊಳಗೆ ‘ಪುಟ್ಟೀ’ ಎಂದಂತಾಗಿ, ಸೋಪು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತುಬಿಡುತ್ತಿದ್ದಳು.

ದೆವ್ವವನ್ನು ಒಪ್ಪದವರಿಗೆ ಮುಖ್ಯ ಎಂಜಿನಿಯರರ ವರದಿ ಇತ್ತು. ಹನ್ನೆರಡು ಪುಟ. ಕೇಂದ್ರದ ರಿಸೀವರನ್ನು ಕಂಪ್ಯೂಟರಿನಲ್ಲಿ ಯಥಾವತ್ತು ಕಟ್ಟಿ ನೋಡಿದ್ದೇವೆ, ಅಪಾಯದ ಕರೆಗೆ ಮೀಸಲಾದ ಚಾನೆಲ್ ಬಿಟ್ಟು ಬೇರೇನೂ ಅದಕ್ಕೆ ಕೇಳಿಸಲು ಸಾಧ್ಯವಿಲ್ಲ, ಆದ್ದರಿಂದ ದನಿ ಬಂದದ್ದು ಲಾಂಚಿನಿಂದಲೇ ಎಂದು ಅದು ಹೇಳುತ್ತಿತ್ತು. ಮುಳುಗಿದ ಲಾಂಚು ಮಾತಾಡುವುದಿಲ್ಲ. ಅಂದರೆ ಕರೆ ಬಂದದ್ದು ಮೂರೂಕಾಲಿಗೆ, ಆಪರೇಟರ್ ತೂಕಡಿಸುತ್ತಿದ್ದಳು, ಎಚ್ಚರವಾದ ಮೇಲೆ ರೆಕಾರ್ಡರಿನ ಗಡಿಯಾರ ತಿದ್ದಿದಳು. ಅವಳನ್ನು ಆಗಲೇ ಅಮಾನತು ಮಾಡಿದ್ದರು. ನಾಳೆ ಹನ್ನೊಂದು ಗಂಟೆಗೆ ಸಮಿತಿ ಕೂತು ಆ ವರದಿಗೆ ಸಹಿ ಹಾಕಿದರೆ, ಒಂಬತ್ತು ಸಾವು ಅವಳ ತಲೆಗೆ.

“ಯಥಾವತ್ತು ಅಂತ ಬರೆದಿದಾನೆ,” ಎಂದರು ಮೇಷ್ಟ್ರು. “ಮಿಕ್ಸರ್ ಒಂದನ್ನ ಬಿಟ್ಟು.”

ಮಿಕ್ಸರ್ ಎಂಬ ಮಾತು ಈ ಕೇಸಿನಲ್ಲಿ ಮೊದಲ ಸಲ ಬಂದಾಗ ಆಫೀಸಿನಲ್ಲಿ ಒಂದು ತಮಾಷೆಯೇ ನಡೆದಿತ್ತು. ಮಿಕ್ಸರ್ ಪರೀಕ್ಷೆಗೆ ಅನುಮತಿ ಕೋರಿ ತನಿಖಾಧಿಕಾರಿ ಬರೆದ ಚೀಟಿ ಸ್ಟೋರಿನವನ ಕೈಗೆ ಹೋಗಿ, ಎಷ್ಟು ಜಾರಿನದು, ಗ್ಯಾರಂಟಿ ಕಾರ್ಡ್ ಇದೆಯಾ ಎಂದು ಅವನು ವಾಪಸ್ ಬರೆದು ಕಳಿಸಿದ್ದ. ಆಮೇಲೆ ಅವಳು ಈ ಮೇಷ್ಟ್ರನ್ನು ಹುಡುಕಿಕೊಂಡು ಬಂದಳು. ಟೆಕ್ನಿಕಲ್ ಕಾಲೇಜಿನಲ್ಲಿ ಮೂವತ್ತು ವರ್ಷ ರೇಡಿಯೋ ಪಾಠ ಹೇಳಿದವರು. ಮುಖ್ಯ ಎಂಜಿನಿಯರ್ ಅವರ ಶಿಷ್ಯನೇ.

ಮೇಷ್ಟ್ರು ಅವಳಿಗೆ ಹೇಳಿಕೊಟ್ಟದ್ದು ಇಷ್ಟು. ಗಾಳಿಯಲ್ಲಿ ಬರುವ ರೇಡಿಯೋ ಅಲೆ ತೀರಾ ವೇಗದ್ದು, ಅದನ್ನು ಹಾಗೇ ಹಿಡಿದು ಸೋಸುವುದು ಕಷ್ಟ. ಅದಕ್ಕೆ ರಿಸೀವರ್ ತನ್ನದೇ ಒಂದು ಅಲೆಯನ್ನು ಒಳಗೆ ಹುಟ್ಟಿಸಿ ಎರಡನ್ನೂ ಬೆರೆಸುತ್ತದೆ. ಬೆರೆಸುವ ಭಾಗವೇ ಮಿಕ್ಸರ್. ಎರಡು ಅಲೆಗಳ ನಡುವಿನ ವ್ಯತ್ಯಾಸ ಕೆಳಗಿನ ಮೆಟ್ಟಿಲಿಗೆ ಇಳಿದು ಬರುತ್ತದೆ, ಮುಂದಿನ ಸೋಸುವಿಕೆ ಎಲ್ಲ ಅಲ್ಲಿ. ಕಂಪ್ಯೂಟರಿನಲ್ಲಿ ಇದನ್ನು ಕಟ್ಟುವಾಗ ಮಿಕ್ಸರಿಗೆ ಮೂರು ಬಗೆಯ ಮಾದರಿ ಇಟ್ಟುಕೊಳ್ಳಬಹುದು. ಒಂದು ಆದರ್ಶ ಮಾದರಿ. ಕೂಡುವುದು ಕಳೆಯುವುದು ಬಿಟ್ಟು ಬೇರೆ ಯಾವ ಚೇಷ್ಟೆಯೂ ಅದಕ್ಕೆ ಬಾರದು, ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ಇನ್ನೊಂದು ಪಟ್ಟಿಯ ಮಾದರಿ. ತಯಾರಿಸಿದ ಕಂಪನಿ ನಿಜವಾದ ಮಿಕ್ಸರನ್ನು ಅಳೆದು, ಅದು ಬೇಡದ ಯಾವ ಯಾವ ಅಲೆಯನ್ನು ಎಷ್ಟೆಷ್ಟು ಹುಟ್ಟಿಸುತ್ತದೆ ಎಂದು ಕೊಟ್ಟ ಪಟ್ಟಿ. ಮೂರನೆಯದು ಒಳಗಿನ ನಾಲ್ಕು ಡಯೋಡುಗಳನ್ನು ಒಂದೊಂದಾಗಿ ಕಟ್ಟುವುದು. ಅದಕ್ಕೆ ದಿನಗಟ್ಟಲೆ ಬೇಕು.

“ಯಾವುದನ್ನ ಆರಿಸಬೇಕು ಅನ್ನೋದು ನಾವು ಏನನ್ನ ಹುಡುಕ್ತೀವಿ ಅನ್ನೋದರ ಮೇಲೆ ಹೋಗುತ್ತೆ,” ಎಂದಿದ್ದರು ಮೇಷ್ಟ್ರು. “ಸಿಗ್ನಲ್ ಎಷ್ಟು ಗಟ್ಟಿಯಾಗಿ ಇಳಿದು ಬರುತ್ತೆ ಅಂತ ನೋಡೋಕೆ ಆದರ್ಶ ಮಿಕ್ಸರ್ ಧಾರಾಳ ಸಾಕು. ಆದರೆ ಕಳ್ಳ ದಾರಿ ಇದೆಯಾ ಅಂತ ಕೇಳೋವಾಗ ಕಳ್ಳ ದಾರೀನೇ ಇಲ್ಲದ ಮಾದರಿ ತಗೊಂಡ್ರೆ, ಕೇಳೋಕೆ ಮುಂಚೇನೇ ಉತ್ತರ ಬರೆದಿಟ್ಟ ಹಾಗೆ. ಇದನ್ನ ನಾನು ಮೊದಲ ವರ್ಷದ ಮಕ್ಕಳಿಗೆ ಹೇಳಿಕೊಡ್ತಿದ್ದೆ. ಅವನು ಮುಂದಿನ ಬೆಂಚಲ್ಲಿ ಕೂತು ಬರಕೊಂಡಿದ್ದ.”

ಪಟ್ಟಿಯನ್ನೂ ಅವರು ಕಣ್ಣು ಮುಚ್ಚಿ ನಂಬಿರಲಿಲ್ಲ. ಕಂಪನಿಯವರು ಅದನ್ನು ಅಳೆದದ್ದು ಒಂದೇ ಬಲದ ಸಿಗ್ನಲಿನಲ್ಲಿ. ಅದಕ್ಕಿಂತ ಜೋರಾದದ್ದು ಬಂದರೆ ಪಟ್ಟಿ ದಾರಿ ತಪ್ಪಿಸಬಹುದು. ಅದಕ್ಕೇ ಮೂರು ದಿನ ಕೂತು ನಾಲ್ಕೂ ಡಯೋಡು ಕಟ್ಟಿ ನೋಡಿದ್ದರು. ಮುಳ್ಳು ಅಲ್ಲೂ ಎದ್ದಿತ್ತು, ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ.

ಆ ಮುಳ್ಳಿನ ಹುಟ್ಟು ಒಂದು ವಿಚಿತ್ರ ಜಾಗದಲ್ಲಿತ್ತು. ಕೇಂದ್ರದ ಚಾನೆಲಿಗೂ ರಿಸೀವರ್ ಒಳಗೆ ಹುಟ್ಟಿಸುವ ಅಲೆಗೂ ಸರಿಯಾಗಿ ಅರ್ಧ ದಾರಿಯಲ್ಲಿ. ಅಲ್ಲಿ ಯಾರಾದರೂ ಮಾತಾಡಿದರೆ ವ್ಯತ್ಯಾಸ ಅರ್ಧವೇ ಬರುತ್ತದೆ, ಸೋಸುವ ಭಾಗ ಅದನ್ನು ಆಚೆ ಹಾಕುತ್ತದೆ. ಆದರೆ ನಿಜವಾದ ಮಿಕ್ಸರ್ ಒಳಗೊಳಗೇ ಎಲ್ಲವನ್ನೂ ಇಮ್ಮಡಿ ಮಾಡುತ್ತದೆ. ಅರ್ಧದ ಇಮ್ಮಡಿ ಪೂರ್ತಿ. ಆಚೆ ನಿಲ್ಲಬೇಕಾದದ್ದು ಮುಂಬಾಗಿಲಿನಿಂದಲೇ ಒಳಗೆ ಬಂದುಬಿಡುತ್ತದೆ.

“ಇಮ್ಮಡಿ ಆಗೋದು ದನಿಯ ಕಂಪನವೂ ಹೌದು,” ಎಂದು ಮೇಷ್ಟ್ರು ಈಗ ಆಪರೇಟರ್ ಕಡೆ ತಿರುಗಿದರು. “ಜೋರಾಗಿ ಆಡಿದ ಅಕ್ಷರಗಳು ಸೋಸುವ ಭಾಗದ ಅಂಚಿಗೆ ಬಡಿದು ಒಡೀತವೆ. ಟೇಪಲ್ಲಿ ಅವನ ಮಾತು ನೀರೊಳಗಿಂದ ಬಂದ ಹಾಗೆ ಕೇಳಿಸೋದು ಅದಕ್ಕೆ. ಬಾಯಲ್ಲಿ ನೀರಿರಲಿಲ್ಲ, ತಾಯಿ.”

ಅವಳು ತಲೆಯಾಡಿಸಿದಳು. ಅವಳಿಗೆ ಕೇಳಬೇಕಾದದ್ದು ಬೇರೆ ಇತ್ತು. ಕರೆ ಬಂದ ಮೇಲೆ ಎಷ್ಟು ಜನ ಇದ್ದೀರಿ ಎಂದು ತಾನು ಮೂರು ಸಲ ಕೇಳಿದ್ದೆ, ಅವನು ಮರುಮಾತಾಡಲಿಲ್ಲ, ಅದು ಏಕೆ ಎಂದಳು.

“ಅವನ ಕೈಲಿದ್ದ ಸೆಟ್ಟು ಬೇರೆ ಚಾನೆಲಲ್ಲಿತ್ತು. ನೀವು ಮಾತಾಡಿದ್ದು ನಿಮ್ಮ ಚಾನೆಲಲ್ಲಿ. ಸಂದು ಇರೋದು ನಿಮ್ಮ ಕಡೆ ಮಾತ್ರ. ಅವನಿಗೆ ನಿಮ್ಮದು ಒಂದಕ್ಷರವೂ ಕೇಳಿಸಿಲ್ಲ.”

ಆಪರೇಟರ್ ಹಾಗೇ ನೆಲದ ಮೇಲೆ ಕೂತುಬಿಟ್ಟಳು. ಯಾರಿಗೆ ಎಂದಿಲ್ಲದೆ ಹೇಳಿದಳು.

“ರೂಲ್ಸ್ ಪ್ರಕಾರ ಮಾತಾಡಿದ್ದೆ. ನಿಮ್ಮ ಸ್ಥಳ ತಿಳಿಸಿ, ಜನ ಎಷ್ಟು ತಿಳಿಸಿ. ಅಣ್ಣಾ ಅಂತ ಒಂದ್ಸಲ ಕರೀಲಿಲ್ಲ. ಅದಕ್ಕೇ ಮುನಿಸಿಕೊಂಡು ಸುಮ್ಮನಾದ ಅಂದ್ಕೊಂಡಿದ್ದೆ.”

ಮೇಷ್ಟ್ರು ಎದ್ದು ಹೋಗಿ ನೀರು ತಂದುಕೊಟ್ಟರು. ಅವಳು ಅರ್ಧ ಕುಡಿದು ಲೋಟ ಕೆಳಗಿಟ್ಟಳು. ಆಮೇಲೆ, ತನಿಖಾಧಿಕಾರಿ ಆಗಲೇ ಎಣಿಸಿ ಬಾಯಿ ಬಿಡದೆ ಇಟ್ಟುಕೊಂಡಿದ್ದ ಪ್ರಶ್ನೆಗೆ ತಾನೂ ಬಂದು ನಿಂತಳು. ಕಳ್ಳ ದಾರಿಯಲ್ಲಿ ಬರಬೇಕಾದರೆ ಎಷ್ಟು ದೂರದಿಂದ ಬಂದಿರಬೇಕು?

“ಬಹಳ ಹತ್ತಿರದಿಂದ,” ಎಂದರು ಮೇಷ್ಟ್ರು. ದೂರ ಎರಡರಷ್ಟಾದರೆ ಮಾಮೂಲಿ ಸಿಗ್ನಲ್ ಕಾಲು ಭಾಗಕ್ಕೆ ಇಳಿಯುತ್ತದೆ. ಹೀಗೆ ನುಸುಳಿ ಬಂದದ್ದು ಹದಿನಾರರಲ್ಲಿ ಒಂದು ಪಾಲಿಗೆ. ಅರ್ಧ ಮೈಲಿ ಆಚೆಯಿಂದ ಕೂಗಿದ್ದರೆ ರಿಸೀವರಿಗೆ ಸುಳಿವೂ ಸಿಗುತ್ತಿರಲಿಲ್ಲ. ಟೇಪಿನ ಜೊತೆಗೆ ದಾಖಲಾಗಿದ್ದ ಬಲವನ್ನು ಮುಳ್ಳಿನ ಎತ್ತರಕ್ಕೆ ಹೋಲಿಸಿ ಅವರು ಲೆಕ್ಕ ಹಾಕಿದ್ದರು. ಆಂಟೆನಾದಿಂದ ನೂರೈವತ್ತು ಮೀಟರು. ಹೆಚ್ಚೆಂದರೆ ಇನ್ನೂರು.

“ಅಂದ್ರೆ ಅವನು ನೆಲದ ಮೇಲಿದ್ದ,” ಎಂದಳು ಆಪರೇಟರ್.

ಮೇಷ್ಟ್ರು ಟೇಪಿನ ಒಡಕನ್ನು ತೆಗೆಯಲು ಸಾಧ್ಯವೇ ನೋಡುತ್ತೇನೆ ಎಂದರು. ಮಿಕ್ಸರ್ ಏನು ಹಾಳು ಮಾಡಿದೆ ಎಂದು ಗೊತ್ತಾದ ಮೇಲೆ ಅದನ್ನು ಹಿಂದುಮುಂದಾಗಿ ನಡೆಸಿ ಸ್ವಲ್ಪವಾದರೂ ತಿದ್ದಬಹುದಂತೆ. ಸಂಜೆಯೊಳಗೆ ಫೋನಿಗೆ ಕಳಿಸುವುದಾಗಿ ಒಪ್ಪಿಕೊಂಡರು.

ಮಧ್ಯಾಹ್ನ ಇಬ್ಬರು ಹೆಂಗಸರೂ ಗುಡ್ಡ ಹತ್ತಿದರು. ತನಿಖಾಧಿಕಾರಿ ಆಂಟೆನಾ ಗೋಪುರದ ಬುಡದಿಂದ ಮೀಟರಿಗೊಂದರಂತೆ ಉದ್ದುದ್ದ ಹೆಜ್ಜೆ ಹಾಕಿ ಎಣಿಸುತ್ತ ನಡೆದಳು. ಒಂದು ಕಡೆ ಬಂಡೆ, ಕೆಳಗೆ ಸಮುದ್ರ. ಇನ್ನೊಂದು ಕಡೆ ಮುಳ್ಳುತಂತಿಯ ಬೇಲಿ. ಇನ್ನೂರು ಹೆಜ್ಜೆಯೊಳಗೆ ಇದ್ದದ್ದು ಮೂರೇ ಕಟ್ಟಡ: ಆಪರೇಟರುಗಳ ಹಾಲ್, ಯಂತ್ರಗಳ ಕೋಣೆ, ಹಸಿರು ಕಿಟಕಿಗಳ ಒಂದು ಪುಟ್ಟ ಮನೆ. ಮನೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಬಟ್ಟೆ ಮಡಿಸುತ್ತ ಕೂತಿದ್ದಳು. ತಲೆ ಎತ್ತಿ ನೋಡಿ, ಯಾರು ಬೇಕಿತ್ತು ಎಂದು ಕೇಳದೆ, ಮತ್ತೆ ಮಡಿಸತೊಡಗಿದಳು. ಅದು ಮುಖ್ಯ ಎಂಜಿನಿಯರರ ಮನೆ. ನೂರ ಎಪ್ಪತ್ತು ಹೆಜ್ಜೆ.

ಆಪರೇಟರನ್ನು ಹಾಲ್‌ನಲ್ಲಿ ಕೂರಿಸಿ ಅವಳು ಒಬ್ಬಳೇ ಯಂತ್ರಗಳ ಕೋಣೆಗೆ ಹೋದಳು.

ಒಳಗೆ ತಂಪು. ಆಳೆತ್ತರದ ಬೀರುಗಳಲ್ಲಿ ರಿಸೀವರುಗಳ ಫ್ಯಾನುಗಳು ಒಂದೇ ಸಮನೆ ಗುಂಯ್‌ಗುಡುತ್ತಿದ್ದವು. ಮುಖ್ಯ ಎಂಜಿನಿಯರರದು ಐವತ್ತೈದು ದಾಟಿದ, ಶುಭ್ರವಾಗಿ ಕ್ಷೌರ ಮಾಡಿದ ಮುಖ. ಮೇಜಿನ ಮೇಲೆ ಪೆನ್ನುಗಳನ್ನು ಎತ್ತರದ ಪ್ರಕಾರ ಜೋಡಿಸಿಟ್ಟಿದ್ದರು. ಬನ್ನಿ, ಕೂತ್ಕೊಳ್ಳಿ ಎಂದರು. ನಾಳೆಯ ಸಮಿತಿಗೆ ಇನ್ನೊಂದು ಪ್ರತಿ ಬೇಕಿತ್ತೇ ಎಂದು ವಿಚಾರಿಸಿದರು.

ಪ್ರತಿ ಇದೆ ಎಂದು ಅವಳು ವರದಿಯ ಒಂಬತ್ತನೇ ಪುಟ ತೆಗೆದು ಮೇಜಿನ ಮೇಲಿಟ್ಟಳು. ಸಪಾಟು ಗೆರೆಯ ಚಿತ್ರ.

“ಆದರ್ಶ ಮಿಕ್ಸರನ್ನ ಯಾಕೆ ಆರಿಸಿದ್ರಿ?”

“ಎಲ್ಲರೂ ಅದನ್ನೇ ಹಾಕೋದು. ಬೇಗ ಆಗುತ್ತೆ. ಉಳಿದದ್ದು ಸಣ್ಣಪುಟ್ಟದ್ದು, ಲೆಕ್ಕಕ್ಕೆ ಬರಲ್ಲ.”

“ಒಂದೇ ಸಲ ಓಡಿಸಿ ನೋಡಿದ್ರಾ?”

“ಒಂದೇ ಸಲ.”

ಅವಳು ಚಿತ್ರದ ಕೆಳಮೂಲೆಗೆ ಬೆರಳಿಟ್ಟಳು. ಇರುವೆಯಷ್ಟು ಸಣ್ಣ ಅಕ್ಷರ. ಚಿತ್ರ ಅಚ್ಚಾಗುವಾಗ ಕಂಪ್ಯೂಟರ್ ತಾನಾಗಿಯೇ ಹಾಕುವ ಗುರುತು. ತಾರೀಖು, ಗಂಟೆ, ಆಮೇಲೆ ‘ಓಟ ೩’.

“ಒಂದು, ಎರಡು ಎಲ್ಲಿವೆ?”

ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಏನೋ ಟೈಪಿಂಗ್ ತಪ್ಪಿನಿಂದ ನಿಂತುಹೋದ ಓಟಗಳಿರಬೇಕು ಎಂದರು. ಅವಳು ಎರಡನೇ ಕಾಗದ ಇಟ್ಟಳು. ಆ ಅರ್ಧ ದಾರಿಯ ಚಾನೆಲಿಗೆ ಈ ಪ್ರದೇಶದಲ್ಲಿ ಇರುವುದು ಒಂದೇ ಪರವಾನಗಿ. ಗೋಪುರ ರಿಪೇರಿಯವರ ಕೈಸೆಟ್ಟುಗಳು, ಎರಡು. ಎರಡಕ್ಕೂ ಸಹಿ ಹಾಕಿ ತೆಗೆದುಕೊಂಡವರು ಇವರೇ. ಅಪಘಾತವಾದ ಮೂರನೇ ದಿನ, ಒಂದು ಕಳೆದುಹೋಗಿದೆ ಎಂದು ಬರೆದುಕೊಟ್ಟವರೂ ಇವರೇ.

“ನಿಮ್ಮ ಮೇಷ್ಟ್ರು ನೆನಪು ಕಳಿಸಿದಾರೆ,” ಎಂದಳು. “ನೀವು ಮುಂದಿನ ಬೆಂಚಲ್ಲಿ ಕೂತಿರ್ತಿದ್ರಂತೆ. ಮೊದಲ ಓಟದಲ್ಲಿ ಪಟ್ಟಿಯ ಮಾದರೀನೇ ಹಾಕಿರ್ತೀರಿ. ಅವರು ಹೇಳಿಕೊಟ್ಟ ಹಾಗೆ.”

ಮೇಜಿನ ಖಾನೆಯೊಳಗೆ ಏನೋ ಗುರ್ರೆಂದು ಅದುರಿತು.

ಇಬ್ಬರೂ ಖಾನೆಯನ್ನೇ ನೋಡಿದರು. ಅದು ಮತ್ತೊಮ್ಮೆ ಅದುರಿ ನಿಂತಿತು. ಎಂಜಿನಿಯರರ ಫೋನು ಮೇಜಿನ ಮೇಲೆ, ಪೆನ್ನುಗಳ ಪಕ್ಕದಲ್ಲೇ ಇತ್ತು.

ತೆಗೆಯಿರಿ ಎಂದು ಅವಳು ಹೇಳಬೇಕಾಗಲಿಲ್ಲ. ಅವರೇ ತೆಗೆದರು. ಗಾಜು ಸೀಳಿದ ಹಳೆಯ ಫೋನು, ಹಿಂದೆ ಯಾವುದೋ ತಂಡದ ಸ್ಟಿಕ್ಕರು. ಪರದೆಯ ಮೇಲೆ ‘ಅಮ್ಮ’ ಎಂದಿತ್ತು. ಕೆಳಗೆ ಒಂದು ಸಾಲು: ಊಟ ಆಯ್ತಾ ಮಗನೇ, ಅಲ್ಲಿ ಚಳಿ ಇದ್ಯಾ.

“ನನ್ನ ಮಗಂದು,” ಎಂದರು. ಆಮೇಲೆ ಹೇಳತೊಡಗಿದವರು ನಡುವೆ ಎಲ್ಲೂ ನಿಲ್ಲಲಿಲ್ಲ.

ಮಗನಿಗೆ ಇಪ್ಪತ್ತಮೂರು. ಓದು ಹತ್ತಲಿಲ್ಲ, ನೀರಿನ ಹುಚ್ಚು. ಕ್ಯಾಪ್ಟನ್ ಅವನನ್ನು ಹತ್ತಿರ ಕೂರಿಸಿಕೊಂಡು ಲಾಂಚು ನಡೆಸುವುದನ್ನು ಕಲಿಸುತ್ತಿದ್ದ. ಲೈಸೆನ್ಸ್ ಇನ್ನೂ ಇರಲಿಲ್ಲ. ಆ ದಿನ ಕ್ಯಾಪ್ಟನ್ ಜ್ವರದಲ್ಲಿ ನಡುಗುತ್ತ ಇವರ ಮನೆಗೆ ಬಂದಿದ್ದ, ಈ ಟ್ರಿಪ್ಪು ರದ್ದು ಮಾಡುತ್ತೇನೆ ಎಂದಿದ್ದ. ಸಮುದ್ರ ಶಾಂತವಾಗಿದೆ, ಹುಡುಗ ಒಂದು ಸಲ ಹೋಗಿಬರಲಿ ಬಿಡು ಎಂದವರು ಇವರು. ಕ್ಯಾಪ್ಟನ್ನನ್ನು ಮಂಚದ ಮೇಲೆ ಮಲಗಿಸಿ, ಹೊದಿಸಿ, ಎರಡು ಗಂಟೆಗೆ ಇಲ್ಲಿಗೆ ಡ್ಯೂಟಿಗೆ ಬಂದರು. ಮಗ ಫೋನನ್ನು ಈ ಕೋಣೆಯಲ್ಲಿ ಚಾರ್ಜಿಗೆ ಹಾಕಿದ್ದವನು ಮರೆತೇ ಹೋಗಿದ್ದ.

ನಾಲ್ಕೂ ಹತ್ತಕ್ಕೆ ಸ್ಪೀಕರಿನಲ್ಲಿ ಕ್ಯಾಪ್ಟನ್ನನ ದನಿ ಬಂದಾಗ ಇವರಿಗೆ ಮೊದಲು ಆದದ್ದು ಸಮಾಧಾನ. ಹಾಗಾದರೆ ಅವನೇ ಎದ್ದು ಹೋಗಿದ್ದಾನೆ, ಲಾಂಚಿನಲ್ಲಿರುವುದು ಅವನು. ಮಗ ಎಲ್ಲೋ ದಡದಲ್ಲಿ ಗೆಳೆಯರ ಜೊತೆ ತಿರುಗುತ್ತಿದ್ದಾನೆ. ಎರಡು ದಿನ ಮಗ ಮನೆಗೆ ಬರಲಿಲ್ಲ. ಹೆದರಿ ಎಲ್ಲೋ ಅಡಗಿದ್ದಾನೆ ಅಂದುಕೊಂಡರು. ಮೂರನೇ ದಿನ ಮೇಲಿನವರು ರಿಸೀವರ್ ಪರೀಕ್ಷಿಸಿ ವರದಿ ಕೊಡಿ ಎಂದರು. ಈ ಮೇಜಿನ ಮುಂದೆ ಕೂತು ಪಟ್ಟಿಯ ಮಾದರಿ ಹಾಕಿ ಓಡಿಸಿದರು.

“ಮುಳ್ಳು ಎದ್ದಿತು,” ಎಂದರು. “ದೂರ ಲೆಕ್ಕ ಹಾಕಿದೆ. ನನ್ನ ಮನೆ. ನನ್ನ ಸೆಟ್ಟು. ಕ್ಯಾಪ್ಟನ್ ನೆಲದ ಮೇಲಿದ್ದ ಅಂದ್ರೆ ಲಾಂಚಲ್ಲಿ ಇದ್ದದ್ದು ಯಾರು? ಅಲ್ಲೀವರೆಗೂ ನನ್ನ ಮಗ ಬದುಕಿದ್ದ, ಮೇಡಂ. ಇನ್ನೊಂದ್ಸಲ ಓಡಿಸಿದೆ. ಮತ್ತೆ ಎದ್ದಿತು. ಆಮೇಲೆ ಮಿಕ್ಸರ್ ಬದಲಾಯಿಸಿದೆ. ಗೆರೆ ಸಪಾಟಾಯ್ತು.”

ಫ್ಯಾನುಗಳು ಗುಂಯ್‌ಗುಡುತ್ತಲೇ ಇದ್ದವು.

ಹೆಂಡತಿಗೆ, ಮಗನಿಗೆ ದೂರದ ಬಂದರಿನಲ್ಲಿ ಹೂಳೆತ್ತುವ ಹಡಗಿನಲ್ಲಿ ಕೆಲಸ ಸಿಕ್ಕಿದೆ, ಹಡಗಿನಲ್ಲಿ ಮಾತಾಡಲು ಸಿಗ್ನಲ್ ಸಿಗುವುದಿಲ್ಲ ಎಂದು ಹೇಳಿದರು. ಅವಳು ಮಗನಿಗೆ ದಿನಕ್ಕೊಂದು ಮೆಸೇಜು ಹಾಕುತ್ತಾಳೆ. ಇವರು ಖಾನೆಯೊಳಗಿನ ಫೋನು ತೆಗೆದು ಜವಾಬು ಬರೆಯುತ್ತಾರೆ. ಆಯ್ತಮ್ಮ, ಊಟ ಆಯ್ತು. ಮಗ ತಪ್ಪು ಕಾಗುಣಿತ ಬರೆಯುತ್ತಿದ್ದ. ಇವರೂ ಹುಷಾರಾಗಿ ತಪ್ಪು ಬರೆಯುತ್ತಾರೆ. ಏಳು ತಿಂಗಳು.

“ಹೊರಗೆ ಕೂತಿದಾಳ್ರೀ ಒಬ್ಬಳು,” ಎಂದಳು ತನಿಖಾಧಿಕಾರಿ. ಅವಳ ದನಿ ಅವಳಿಗೇ ಒರಟಾಗಿ ಕೇಳಿಸಿತು. “ಅವಳೂ ಏಳು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ.”

ಅವರು ತಲೆ ತಗ್ಗಿಸಿದರು. ನಾಳೆ ಸಮಿತಿಯ ಮುಂದೆ ಮೊದಲ ಓಟದ ಚಿತ್ರ ತಾನೇ ಇಡುತ್ತೇನೆ, ಈಗಲೇ ಬರೆದುಕೊಡುತ್ತೇನೆ ಎಂದರು. ಅವಳು ಬಾಗಿಲು ತೆರೆದು ಆಪರೇಟರನ್ನು ಒಳಗೆ ಕರೆದಳು. ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ಅವಳದು. ಎಂಜಿನಿಯರ್ ಮೊದಲಿನಿಂದ ಮತ್ತೊಮ್ಮೆ ಹೇಳಿದರು, ಈ ಸಲ ಎದ್ದು ನಿಂತು. ಆಪರೇಟರ್ ಅಳಲಿಲ್ಲ, ಬೈಯಲಿಲ್ಲ. ಎಲ್ಲ ಕೇಳಿ ಮುಗಿದ ಮೇಲೆ ಒಂದೇ ಮಾತು ಕೇಳಿದಳು.

“ನಮ್ಮಣ್ಣ ಈಗೆಲ್ಲಿ?”

ತನಗೆ ಗೊತ್ತಿಲ್ಲ ಎಂದರು. ಐದು ಗಂಟೆಗೆ ಮನೆಗೆ ಓಡಿದಾಗ ಮಂಚ ಖಾಲಿ ಇತ್ತು. ಮೊಳೆಗೆ ತೂಗುಹಾಕಿದ್ದ ಕೈಸೆಟ್ಟು ಇರಲಿಲ್ಲ. ಹೊತ್ತು ಮೀರಿದರೂ ಲಾಂಚು ಬಾರದ ಗಾಬರಿಯಲ್ಲಿ ಅದನ್ನೇ ಲಾಂಚಿನ ಸೆಟ್ಟಿನಂಥದ್ದು ಎಂದುಕೊಂಡು, ಚಾನೆಲ್ ನೋಡದೆ, ಲೈಸೆನ್ಸ್ ಇಲ್ಲದ ಹುಡುಗನ ವಿಷಯ ಹೊರಬೀಳದಿರಲೆಂದು ತಾನೇ ಲಾಂಚಿನಲ್ಲಿದ್ದಂತೆ ಕೂಗಿ, ಹಾಗೇ ಹಿಡಿದುಕೊಂಡು ಹೋಗಿರಬೇಕು. ಹೊದಿಕೆ ಕಾಲುದೆಸೆಯಲ್ಲಿ ಮಡಿಸಿಟ್ಟಿತ್ತು.

“ಮಡಿಸಿಟ್ಟಿತ್ತಾ?” ಎಂದಳು ತನಿಖಾಧಿಕಾರಿ.

“ನಾಲ್ಕು ಮಡಿಕೆ. ಯಾಕೆ?”

“ಅವತ್ತು ಮನೇಲಿ ಬೇರೆ ಯಾರಿದ್ರು?”

“ಯಾರೂ ಇಲ್ಲ. ನಮ್ಮವಳು ಬೆಳಗ್ಗೇನೇ ಅವರಕ್ಕನ ಮನೆಗೆ ಹೋಗಿದ್ಲು. ಆರೂವರೆ ಬಸ್ಸಿಗೆ ಬಂದ್ಲು.”

ಆಗ ತನಿಖಾಧಿಕಾರಿಯ ಫೋನಿಗೆ ಮೇಷ್ಟ್ರ ಟೇಪು ಬಂತು. ಜೊತೆಗೆ ಎರಡು ಸಾಲು. ಒಡೆದ ಅಕ್ಷರಗಳನ್ನು ಸಾಧ್ಯವಾದಷ್ಟು ಕೂಡಿಸಿದ್ದೇನೆ. ಈ ಮಿಕ್ಸರ್ ಸಣ್ಣ ಸದ್ದನ್ನೂ ಎರಡರಷ್ಟು ಮಾಡಿಕೊಟ್ಟಿದೆ. ಎಂಟನೇ ಸೆಕೆಂಡನ್ನು ದಯವಿಟ್ಟು ಒಬ್ಬರೇ ಕೇಳಿ.

ಅವಳು ಒಬ್ಬಳೇ ಕೇಳಲಿಲ್ಲ. ಫೋನನ್ನು ಪೆನ್ನುಗಳ ಪಕ್ಕ ಇಟ್ಟು ದನಿ ಏರಿಸಿದಳು.

ನೀರು ಇಂಗಿಹೋದಂತಿತ್ತು. ಜ್ವರ ಬಂದ ಮನುಷ್ಯನ ಒಣಗಿದ ದನಿ, ಸ್ಪಷ್ಟವಾಗಿ. ಲಾಂಚಿನಿಂದ ಮಾತಾಡ್ತಿದೀನಿ. ಇಂಜಿನ್ ನಿಂತುಹೋಗಿದೆ. ಆಪರೇಟರ್ ಮೇಜಿನ ಅಂಚು ಹಿಡಿದುಕೊಂಡಳು. ಮುಂದಿನ ಮಾತಿಗೆ ಮುಂಚೆ, ಅವನು ಉಸಿರೆಳೆದುಕೊಂಡ ಆ ಗಳಿಗೆಯಲ್ಲಿ, ಅವನ ಹಿಂದಿನಿಂದ ಇನ್ನೊಂದು ದನಿ ಬಂತು. ತೀರಾ ಮೆಲ್ಲಗೆ, ಮಗುವಿಗೆ ಪಾಠ ಹೇಳಿಕೊಡುವ ಹಾಗೆ.

“ಉತ್ತರ ಅನ್ನು, ತಮ್ಮಾ. ಉತ್ತರದ ಬಂಡೆ ಅನ್ನು.”

ಹೆಂಗಸಿನ ದನಿ.

ಉತ್ತರದ ಬಂಡೆ ಹತ್ತಿರ ಇದ್ದೀವಿ, ಎಂದ ಕ್ಯಾಪ್ಟನ್.

ಎಂಜಿನಿಯರ್ ಕೈ ಚಾಚಿ ಟೇಪನ್ನು ತಾವೇ ಹಿಂದಕ್ಕೆ ಓಡಿಸಿದರು. ಇನ್ನೊಮ್ಮೆ ಕೇಳಿದರು. ಆ ದನಿ ಯಾರದೆಂದು ತನಿಖಾಧಿಕಾರಿ ಕೇಳಲಿಲ್ಲ. ಅವಳು ಕೇಳಿದ್ದು ಬೇರೆ.

“ದಕ್ಷಿಣದ ದಿಬ್ಬದ ಕಡೆ ನಿಮ್ಮ ಮಗ ಯಾಕೆ ಹೋದ? ಲಾಂಚಿನ ದಾರಿ ಅದಲ್ಲ.”

“ಬೇಗ ತಲುಪುತ್ತೆ ಅಂತ. ಒಬ್ಬನೇ ಹೋದಾಗೆಲ್ಲ ಅವನು ಆ ಕಡೇನೇ ಹೋಗ್ತಿದ್ದ.”

“ಲೈಸೆನ್ಸ್ ಇಲ್ಲದ ಮಗ ಸಿಕ್ಕಿಬೀಳಬಾರದು ಅಂತ ದೋಣಿಗಳನ್ನ ಉತ್ತರಕ್ಕೆ ಕಳಿಸಿದ ಹಾಗಿದೆ. ಅವನು ದಕ್ಷಿಣಕ್ಕೆ ಹೋಗ್ತಾನೆ ಅನ್ನೋದು ನಿಮ್ಮ ಮನೆಯವರಿಗೆ ಗೊತ್ತಿತ್ತಾ?”

ಅವರು ಕಿಟಕಿಯಾಚೆ, ಬಟ್ಟೆ ಮಡಿಸಿ ಮುಗಿಸಿ ಸುಮ್ಮನೆ ಇತ್ತಲೇ ನೋಡುತ್ತ ಕೂತಿದ್ದ ಹೆಂಗಸಿನ ಕಡೆ ನೋಡಿದರು.

“ಅವಳು ದೋಣಿಯವರ ಮನೆ ಮಗಳು,” ಎಂದರು. “ಆ ದಾರಿ ಅವನಿಗೆ ತೋರಿಸಿಕೊಟ್ಟಿದ್ದೇ ಅವಳು.”